ಯಾರ ಪಕ್ಕ ಯಾರು ಕೂರಬೇಕು: ಶಿಕ್ಷಕರೇ ನಿರ್ಧರಿಸಬೇಕೇ?

ಬೇರೆ ಬೇರೆ ಮನೆಮಾತು, ಧರ್ಮ, ನಡೆನುಡಿಯ ಮಕ್ಕಳು ಒಂದೇ ಕೋಣೆಯಲ್ಲಿ ಸೇರಿದರೆ, ವಾರ ಕಳೆಯುವಷ್ಟರಲ್ಲಿ ತಮ್ಮಂಥವರನ್ನು ಹುಡುಕಿಕೊಂಡು ಗುಂಪಾಗುತ್ತಾರೆ. ಆ ಗುಂಪುಗಳನ್ನು ಬಿಡಿಸಿ ಬೆರೆಸಿ ಕೂರಿಸಿದರೆ ‘ಇದು ನನ್ನದೂ ಕ್ಲಾಸು’ ಎಂಬ ಭಾವ ಎಲ್ಲರಲ್ಲೂ ಬೆಳೆಯುತ್ತದೆಯೇ? ಅಥವಾ ಇರುವ ಧೈರ್ಯವೂ ಕುಸಿಯುತ್ತದೆಯೇ?

ಪರ: ಬೆರೆಸಿಯೇ ಕೂರಿಸಬೇಕು

‘ಎಲ್ಲಿ ಬೇಕಾದರೂ ಕೂತುಕೊಳ್ಳಿ’ ಎಂದು ಬಿಟ್ಟ ತರಗತಿಯಲ್ಲಿ ಆಸನಗಳನ್ನು ಯಾರೂ ಹಂಚಿಲ್ಲ ಎಂದುಕೊಳ್ಳುವುದು ತಪ್ಪು. ಹಂಚಿದವರು ಶಿಕ್ಷಕರಲ್ಲ, ಅಷ್ಟೇ. ಜೋರು ಬಾಯಿಯ ನಾಲ್ಕೈದು ಮಕ್ಕಳು ಮೊದಲ ದಿನವೇ ಜಾಗ ಹಿಡಿಯುತ್ತಾರೆ. ಅವರ ಗೆಳೆಯರು ಸುತ್ತ ಸೇರುತ್ತಾರೆ. ಮಿಕ್ಕ ಬೆಂಚುಗಳು ಮಿಕ್ಕವರಿಗೆ. ವರ್ಷದ ನಡುವೆ ಬಂದು ಸೇರಿದ, ತರಗತಿಯ ಭಾಷೆ ಇನ್ನೂ ಬಾಯಿಗೆ ಬಾರದ ಮಗುವಿಗೆ ಸಿಗುವುದು ಬೇರೆ ಯಾರಿಗೂ ಬೇಡವಾದ ಜಾಗ. ಅಲ್ಲಿ ಕೂತ ಮಗುವಿಗೆ ‘ನೀನೂ ನಮ್ಮವನೇ’ ಎಂದು ಪ್ರತಿದಿನ ಬೆಳಿಗ್ಗೆ ಹೇಳಿ ಏನು ಪ್ರಯೋಜನ?

ಪಕ್ಕದ ಸೀಟಿಗೆ ಅಷ್ಟು ಶಕ್ತಿ ಇದೆಯೇ ಎಂದು ಕೇಳುವವರಿಗೆ ಉತ್ತರವಿದೆ. ಹಂಗೆರಿಯಲ್ಲಿ 3ರಿಂದ 8ನೇ ತರಗತಿಯವರೆಗಿನ 182 ತರಗತಿಗಳಲ್ಲಿ, 2,966 ಮಕ್ಕಳನ್ನು ಒಂದು ಸೆಮಿಸ್ಟರ್ ಪೂರ್ತಿ ಚೀಟಿ ಎತ್ತಿದ ಹಾಗೆ ಕೂರಿಸಿ ನೋಡಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ಸ್ನೇಹಿತರೆಂದು ಹೆಸರಿಸುವ ಸಾಧ್ಯತೆ ಶೇ 15 ಇದ್ದದ್ದು ಅಕ್ಕಪಕ್ಕ ಕೂತವರಲ್ಲಿ ಶೇ 22ಕ್ಕೆ ಏರಿತ್ತು. ಇವರು ಒಬ್ಬರಿಗೊಬ್ಬರು ಹೊಸಬರಲ್ಲ, ಮೊದಲೇ ಗುರುತಿದ್ದವರು. ಉಪದೇಶವಿಲ್ಲ, ವಿಶೇಷ ಪಾಠವಿಲ್ಲ, ಖರ್ಚಂತೂ ಇಲ್ಲವೇ ಇಲ್ಲ. ಬರೀ ಜಾಗ ಬದಲಿಸಿದ್ದಕ್ಕೆ ಇಷ್ಟು. ಸ್ನೇಹದ ಕಡೆಗಿನ ಈ ಒಲವು ಬೇರೆ ಜನಾಂಗದ ಮಕ್ಕಳ ನಡುವೆಯೂ ಅಷ್ಟೇ ಹೆಚ್ಚಿತು ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಹಾಗೆಂದು ಕೂರಿಸಿ ಕೈತೊಳೆದುಕೊಂಡರೆ ಸಾಲದು. 1954ರ ಬೇಸಿಗೆಯಲ್ಲಿ ಮನೋವಿಜ್ಞಾನಿ ಮುಜಾಫರ್ ಷೆರಿಫ್ ಅಮೆರಿಕದ ಓಕ್ಲಹೋಮಾದಲ್ಲಿ 11-12 ವಯಸ್ಸಿನ 22 ಹುಡುಗರನ್ನು ಎರಡು ತಂಡ ಮಾಡಿ ಶಿಬಿರ ನಡೆಸಿದಾಗ, ಪೈಪೋಟಿಯಿಂದ ಹಗೆ ಬೆಳೆಯಿತು. ಆಮೇಲೆ ಅವರನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು, ಒಟ್ಟಿಗೆ ಸಿನಿಮಾ ತೋರಿಸಿದರು. ಜಗಳ ನಿಲ್ಲಲಿಲ್ಲ, ಎದುರುಬದುರಾದಾಗ ಇನ್ನಷ್ಟು ಕಿತ್ತಾಡಿದರು. ಇಬ್ಬರೂ ಸೇರದೆ ಆಗದಂಥ ಕೆಲಸ ಎದುರಾದ ಮೇಲೆಯೇ ಹಗೆ ಇಳಿದದ್ದು. ಅದೇ 1954ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್, ಒಡನಾಟದಿಂದ ಪೂರ್ವಗ್ರಹ ಇಳಿಯಲು ನಾಲ್ಕು ಷರತ್ತು ಹೇಳಿದ್ದರು: ಸಮಾನ ಸ್ಥಾನ, ಒಂದೇ ಗುರಿ, ಪೈಪೋಟಿಯಿಲ್ಲದ ಸಹಕಾರ, ಮೇಲಿನವರ ಬೆಂಬಲ. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಷರತ್ತುಗಳೆಲ್ಲ ಪೂರೈಸದಿದ್ದರೂ ಒಡನಾಟದಿಂದ ಪೂರ್ವಗ್ರಹ ಕಡಿಮೆಯಾಗುತ್ತದೆ, ಪೂರೈಸಿದರೆ ಇನ್ನೂ ಚೆನ್ನಾಗಿ ಕಡಿಮೆಯಾಗುತ್ತದೆ ಎಂದು ಕಂಡುಬಂತು. ಮೇಲಿನವರ ಬೆಂಬಲ ಎಂದರೆ ತರಗತಿಯಲ್ಲಿ ಬೇರೆ ಯಾರೂ ಅಲ್ಲ, ಶಿಕ್ಷಕರು. ಆಸನದ ವಿಷಯದಲ್ಲಿ ಅವರು ಸುಮ್ಮನಿದ್ದರೆ, ಈಗ ಇರುವ ಗುಂಪುಗಾರಿಕೆಗೆ ಅವರ ಒಪ್ಪಿಗೆ ಇದೆ ಎಂದೇ ಮಕ್ಕಳು ತಿಳಿಯುತ್ತಾರೆ.

ಇನ್ನು ಮಾಡುವ ಬಗೆ. ಹಾಜರಿ ಪುಸ್ತಕ ನೋಡಿ ‘ಈ ಭಾಷೆಯವರು ಒಬ್ಬರು, ಆ ಧರ್ಮದವರು ಒಬ್ಬರು’ ಎಂದು ಹಂಚುವುದು ಸೋಮಾರಿತನ, ಮೇಲಾಗಿ ಅಪಾಯಕಾರಿ. ಮೊದಲು ಚೀಟಿ. ಶಾಲೆ ಆರಂಭವಾದ ಮೂರು ವಾರಕ್ಕೆ ಪ್ರತಿ ಮಗುವಿಗೂ ಒಂದು ತುಂಡು ಕಾಗದ ಕೊಟ್ಟು, ‘ಯಾರ ಜೊತೆ ಕೂತು ಕೆಲಸ ಮಾಡಲು ಇಷ್ಟ? ಮೂರು ಹೆಸರು ಬರೆಯಿರಿ’ ಎನ್ನಬೇಕು. ಯಾರು ಬೇಡ ಎಂದು ಎಂದೂ ಕೇಳಬಾರದು. ಆ ಪ್ರಶ್ನೆಯೇ ಮಕ್ಕಳ ತಲೆಯಲ್ಲಿ ಒಂದು ಬೇಡದವರ ಪಟ್ಟಿ ಹುಟ್ಟಿಸುತ್ತದೆ. ಚೀಟಿಗಳನ್ನು ಮನೆಗೆ ಒಯ್ದು ದೊಡ್ಡ ಹಾಳೆಯಲ್ಲಿ ಚೌಕಗಳನ್ನು ಎಳೆದು, ಎಡಕ್ಕೆ ಬರೆದವರ ಹೆಸರು, ಮೇಲಕ್ಕೆ ಬರೆಸಿಕೊಂಡವರ ಹೆಸರು ಹಾಕಿ ಗುರುತು ಮಾಡುತ್ತ ಹೋದರೆ ಮೂರು ಸಂಗತಿ ಎದ್ದು ಕಾಣುತ್ತವೆ: ಯಾರ ಹೆಸರನ್ನು ಯಾರೂ ಬರೆದಿಲ್ಲ, ಯಾರು ಪರಸ್ಪರ ಬರೆದುಕೊಂಡಿದ್ದಾರೆ, ಯಾವ ನಾಲ್ಕೈದು ಮಂದಿ ತಮ್ಮೊಳಗೇ ಬರೆದುಕೊಂಡು ಹೊರಗೆ ಒಂದು ಹೆಸರನ್ನೂ ಬರೆದಿಲ್ಲ. ಜೇಕಬ್ ಮೊರೆನೊ 1930ರ ದಶಕದಲ್ಲಿ ರೂಪಿಸಿದ ಈ ವಿಧಾನಕ್ಕೆ 40 ಮಕ್ಕಳ ತರಗತಿಯಲ್ಲಿ ಒಂದು ಸಂಜೆ ಸಾಕು.

ಆಮೇಲೆ ನಾಲ್ಕು ನಾಲ್ಕು ಮಂದಿಯ ಗುಂಪು. ಮೂವರಾದರೆ ಇಬ್ಬರು ಜೋಡಿಯಾಗಿ ಮೂರನೆಯವರು ಹೊರಗುಳಿಯುತ್ತಾರೆ. ಆರು ಮಂದಿಯಾದರೆ ಒಬ್ಬರು ಮಾತನಾಡದೆಯೇ ಪೀರಿಯಡ್ ಕಳೆದುಬಿಡಬಹುದು. ನಾಲ್ವರಲ್ಲಿ ಎರಡು ಜೋಡಿ ಆಗುತ್ತದೆ, ಯಾರೂ ಒಂಟಿಯಾಗುವುದಿಲ್ಲ. ಪ್ರತಿ ಮಗುವಿಗೂ ತಾನು ಬರೆದ ಮೂರು ಹೆಸರಲ್ಲಿ ಒಂದಾದರೂ ಗುಂಪಿನಲ್ಲಿ ಸಿಗುವಂತೆ ನೋಡಿಕೊಳ್ಳಬೇಕು. ಯಾರೂ ಹೆಸರು ಬರೆಯದ ಮಗುವಿಗೆ ಮೊದಲ ಆಯ್ಕೆಯೇ ಸಿಗಲಿ. ತರಗತಿಯಲ್ಲಿ ತುಂಬ ಮಂದಿ ಬಯಸಿದ, ಆದರೆ ಗತ್ತು ಇಲ್ಲದ ಮಗು ಅದರ ಪಕ್ಕಕ್ಕೆ ಬಂದರೆ ಅರ್ಧ ಕೆಲಸ ಆದಂತೆ. 42 ಮಕ್ಕಳಿದ್ದರೆ ನಾಲ್ವರ ಎಂಟು ಗುಂಪು, ಐವರ ಎರಡು ಗುಂಪು. ಮಿಕ್ಕ ಇಬ್ಬರನ್ನು ಪ್ರತ್ಯೇಕ ಕೂರಿಸುವುದು ಬೇಡ.

ಪಟ್ಟಿಯನ್ನು ಒಂದೇ ಬಾರಿಗೆ ಎಲ್ಲರಿಗೂ ಪ್ರಕಟಿಸಬೇಕು, ಮುಂದಿನ ಬದಲಾವಣೆಯ ತಾರೀಖನ್ನೂ ಅದರಲ್ಲೇ ಬರೆಯಬೇಕು. ಒಬ್ಬಿಬ್ಬರನ್ನು ಮಾತ್ರ ಎಬ್ಬಿಸಿ ಜಾಗ ಬದಲಿಸಿದರೆ ಅದು ಶಿಕ್ಷೆಯ ಹಾಗೆ ಕಾಣುತ್ತದೆ. ವಾರವಾರ ಬದಲಿಸುವುದೂ ಕೆಲಸಕ್ಕೆ ಬಾರದು. ಪಕ್ಕದವರ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯುವ ಹೊತ್ತಿಗೆ ಅವರು ಎದ್ದುಹೋಗಿರುತ್ತಾರೆ. ನನ್ನ ಲೆಕ್ಕದಲ್ಲಿ ಆರು ವಾರ ಕನಿಷ್ಠ, ಪಾಠದ ಒಂದು ಘಟಕ ಮುಗಿದ ಮೇಲೆಯೇ ಬದಲಾವಣೆ.

ಗುಂಪಿಗೆ ಕೊಡುವ ಕೆಲಸಕ್ಕೆ ನನಗೆ ತಿಳಿದಂತೆ ಜಿಗ್ಸಾ ಎಂಬ ಗುಂಪುಕಲಿಕೆಯ ವಿಧಾನಕ್ಕಿಂತ ಗಟ್ಟಿಯಾದದ್ದಿಲ್ಲ. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ, ಕಪ್ಪು ಮತ್ತು ಲ್ಯಾಟಿನೋ ಮಕ್ಕಳು ಮೊದಲ ಬಾರಿಗೆ ಒಂದೇ ಕೋಣೆಗೆ ಬಂದು ಹೊಡೆದಾಟಗಳು ಶುರುವಾದಾಗ, ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಇದನ್ನು ರೂಪಿಸಿದರು. ಅವರು ಮೊದಲು ತರಗತಿಯ ಹಿಂದೆ ಕೂತು ಸುಮ್ಮನೆ ನೋಡಿದರು. ಶಿಕ್ಷಕರು ಪ್ರಶ್ನೆ ಕೇಳುತ್ತಾರೆ, ಆರೇಳು ಕೈಗಳು ಮೇಲೇಳುತ್ತವೆ, ಒಬ್ಬರಿಗೆ ಅವಕಾಶ ಸಿಗುತ್ತದೆ, ಉಳಿದವರಿಗೆ ನಿರಾಸೆ. ಆ ಒಬ್ಬರು ತಪ್ಪು ಹೇಳಿದರೆ ಉಳಿದವರಿಗೆ ಖುಷಿ. ಇಂಥ ಏರ್ಪಾಡಿನಲ್ಲಿ ಪಕ್ಕದವರು ಎಂದರೆ ಎದುರಾಳಿ.

ಜಿಗ್ಸಾ ಇದನ್ನು ತಿರುಗಿಸುತ್ತದೆ. ಪಾಠವನ್ನು ನಾಲ್ಕು ಭಾಗ ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಭಾಗ ಮಾತ್ರ ಕೊಡಬೇಕು. ಒಂದೇ ಭಾಗ ಸಿಕ್ಕಿದ ಮಕ್ಕಳು ಬೇರೆ ಬೇರೆ ಗುಂಪಿನಿಂದ ಎದ್ದು ಬಂದು ‘ತಜ್ಞರ ಗುಂಪು’ ಆಗಿ ಸೇರಿ, ಓದಿದ್ದನ್ನು ಚರ್ಚಿಸಿ, ಹೇಗೆ ವಿವರಿಸುವುದು ಎಂದು ಅಭ್ಯಾಸ ಮಾಡಿ, ತಮ್ಮ ಗುಂಪಿಗೆ ಮರಳಿ ಕಲಿಸುತ್ತಾರೆ. 45 ನಿಮಿಷದ ಪೀರಿಯಡ್‌ನಲ್ಲಿ ಪೀಠಿಕೆಗೆ 5, ಒಬ್ಬರೇ ಓದುವುದಕ್ಕೆ 8, ತಜ್ಞರ ಗುಂಪಿಗೆ 10, ಮರಳಿ ಕಲಿಸುವುದಕ್ಕೆ ತಲಾ 4ರಂತೆ 16, ಕೊನೆಗೆ ಕಿರುಪರೀಕ್ಷೆಗೆ 6. ಪರೀಕ್ಷೆ ಒಬ್ಬೊಬ್ಬರಿಗೂ ಪ್ರತ್ಯೇಕ, ಅಂಕವೂ ಪ್ರತ್ಯೇಕ. ಗುಂಪಿಗೆಲ್ಲ ಒಂದೇ ಅಂಕ ಕೊಟ್ಟರೆ ನಿಧಾನವಾಗಿ ಕಲಿಯುವ ಮಗುವಿನ ಮೇಲೆ ಉಳಿದವರ ಸಿಟ್ಟು ತಿರುಗುತ್ತದೆ.

ಕೆಡುವುದು ಎಲ್ಲಿ? ಭಾಗಗಳು ಒಂದರ ಮೇಲೊಂದು ನಿಂತಿದ್ದರೆ ಕೆಡುತ್ತದೆ. ಎರಡನೇ ಭಾಗ ತಿಳಿಯಲು ಮೊದಲನೆಯದು ಬೇಕು ಎಂಬಂಥ ಗಣಿತದ ಪಾಠ ಇದಕ್ಕೆ ಒಗ್ಗುವುದಿಲ್ಲ, ಒಬ್ಬರ ಜೀವನಚರಿತ್ರೆ ಅಥವಾ ಒಂದು ದೇಶದ ಹವಾಗುಣ, ಬೆಳೆ, ಜನ, ನದಿ ಎಂಬಂಥದ್ದು ಒಗ್ಗುತ್ತದೆ. 40 ಮಕ್ಕಳಿದ್ದರೆ ಒಂದೊಂದು ಭಾಗಕ್ಕೆ ಹತ್ತು ‘ತಜ್ಞರು’ ಆಗುತ್ತಾರೆ. ಹತ್ತು ಮಂದಿ ಸುತ್ತ ಕೂತರೆ ಗದ್ದಲವಷ್ಟೇ, ಅವರನ್ನು ಐದೈದರ ಎರಡು ಗುಂಪು ಮಾಡಬೇಕು. ಒಬ್ಬರು ಗೈರುಹಾಜರಾದರೆ ಗುಂಪಿಗೆ ಕಾಲುಭಾಗ ಪಾಠವೇ ಇಲ್ಲ. ಹಾಗಾಗಿ ಪ್ರತಿ ಭಾಗದ ಒಂದು ಹೆಚ್ಚುವರಿ ಪ್ರತಿ ಮೇಜಿನ ಮೇಲಿರಲಿ, ಬೇಗ ಮುಗಿಸುವ ಮಗು ಅದನ್ನು ವಹಿಸಿಕೊಳ್ಳಲಿ. ತಡವರಿಸುವ ಮಗುವಿನ ಮಾತನ್ನು ಯಾರಾದರೂ ಕಸಿದುಕೊಂಡರೆ ಶಿಕ್ಷಕರು ಬೈಯುವುದು ಬೇಡ. ‘ಇನ್ನು ಹತ್ತು ನಿಮಿಷಕ್ಕೆ ಪರೀಕ್ಷೆ, ಆ ಭಾಗ ಗೊತ್ತಿರುವುದು ಇವರೊಬ್ಬರಿಗೇ’ ಎಂದು ನೆನಪಿಸಿದರೆ ಸಾಕು. ಗೇಲಿ ಮಾಡುತ್ತಿದ್ದವರು ನಿಧಾನಕ್ಕೆ ಪ್ರಶ್ನೆ ಕೇಳಲು ಕಲಿಯುತ್ತಾರೆ, ತಮ್ಮ ಸ್ವಾರ್ಥಕ್ಕಾದರೂ. ಆಸ್ಟಿನ್‌ನಲ್ಲಿ ಆದದ್ದು ಇದೇ. ಅಲ್ಪಸಂಖ್ಯಾತ ಮಕ್ಕಳ ಅಂಕ ಸುಧಾರಿಸಿತು, ಬಹುಸಂಖ್ಯಾತ ಮಕ್ಕಳದ್ದು ಕುಸಿಯಲಿಲ್ಲ.

‘ಮಕ್ಕಳ ಇಷ್ಟಕ್ಕೆ ವಿರುದ್ಧ’ ಎಂಬ ಆಕ್ಷೇಪ ಯಾವಾಗಲೂ ಬರುತ್ತದೆ. ಪಾಠ, ವೇಳಾಪಟ್ಟಿ, ಪರೀಕ್ಷೆ ಯಾವುದರಲ್ಲೂ ಇಷ್ಟ ಕೇಳದ ಶಾಲೆ ಆಸನದ ವಿಷಯದಲ್ಲಿ ಮಾತ್ರ ದಿಢೀರನೆ ಸ್ವಾತಂತ್ರ್ಯವಾದಿಯಾಗುವುದು ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿ, ಎಲ್ಲ ಜನಾಂಗ ಮತ್ತು ಧರ್ಮಗಳವರ ನಡುವೆ ಸ್ನೇಹದಿಂದ ಬಾಳಲು ಮಗುವನ್ನು ಅಣಿಗೊಳಿಸುವುದನ್ನು ಶಿಕ್ಷಣದ ಗುರಿಗಳಲ್ಲೇ ಸೇರಿಸಿದೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಹೋಗುವುದು ತಮ್ಮ ತಮ್ಮ ಕೇರಿ, ಬಡಾವಣೆಗಳಿಗೆ. ಬೇರೆಯವರ ಪಕ್ಕ ದಿನಕ್ಕೆ ಐದು ಗಂಟೆ ಕೂರುವ ಅವಕಾಶ ಬಹಳಷ್ಟು ಮಕ್ಕಳಿಗೆ ಶಾಲೆಯಲ್ಲಿ ಮಾತ್ರ ಸಿಗುತ್ತದೆ. ಆ ಗಂಟೆಗಳಲ್ಲೂ ತಮ್ಮವರ ಪಕ್ಕವೇ ಕೂರಲಿ ಎಂದು ಬಿಡುವುದಕ್ಕೆ ಗಟ್ಟಿಯಾದ ಕಾರಣ ಬೇಕು. ಭಾಷೆಯೇ ಬಾರದ ಹೊಸ ಮಗುವಿನ ಮೊದಲ ಕೆಲವು ವಾರಗಳು ಅಂಥ ಕಾರಣ ಎಂದು ಒಪ್ಪುತ್ತೇನೆ. ಅದಕ್ಕೂ ಪಟ್ಟಿಯಲ್ಲಿ ಒಂದು ಕೊನೆಯ ತಾರೀಖು ಇರಲಿ.

ವಿರೋಧ: ಆಸನಕ್ಕೆ ಕೈ ಹಾಕುವ ಮೊದಲು ಮಾಡಬೇಕಾದ್ದು ಬೇರೆ ಇದೆ

ಹಂಗೆರಿಯ ಪ್ರಯೋಗವನ್ನು ನಾನೂ ಓದಿದ್ದೇನೆ. ಶೇ 22 ಎಂದರೆ, ಒಂದು ಸೆಮಿಸ್ಟರ್ ಪೂರ್ತಿ ಅಕ್ಕಪಕ್ಕ ಕೂತ ನೂರು ಜೋಡಿಗಳಲ್ಲಿ 78 ಜೋಡಿಗಳ ನಡುವೆ ಪರಸ್ಪರ ಸ್ನೇಹ ಹುಟ್ಟಲಿಲ್ಲ. ಒಲವು ಎಲ್ಲರಲ್ಲೂ ಒಂದೇ ಥರ ಹೆಚ್ಚಿತು ಎಂದದ್ದು ನಿಜ, ಆದರೆ ಅದು ನಿಜವಾದ ಸ್ನೇಹವಾಗಿ ಫಲಿಸಿದ್ದು ಒಂದೇ ಥರದ ಮಕ್ಕಳಲ್ಲೇ ಹೆಚ್ಚು ಎಂದೂ ಅದೇ ವರದಿ ಹೇಳುತ್ತದೆ. ಮುಖ್ಯವಾಗಿ ಹುಡುಗ-ಹುಡುಗಿಯರ ನಡುವಿನ ಗೆರೆ ಹಾಗೇ ಉಳಿಯಿತು. ಆಸನ ಬದಲಿಸುವುದು ಅಗ್ಗದ ಉಪಾಯ ಎಂಬುದರಲ್ಲಿ ತಕರಾರಿಲ್ಲ. ಅಗ್ಗವೆಂಬ ಕಾರಣಕ್ಕೇ ಶಾಲೆಗಳು ಅಲ್ಲಿಗೇ ನಿಲ್ಲಿಸಿಬಿಡುತ್ತವೆ ಎಂಬುದು ನನ್ನ ತಕರಾರು.

ಬೆರೆಸಿ ಕೂರಿಸುವುದರ ಲೆಕ್ಕವನ್ನೇ ತೆಗೆದುಕೊಳ್ಳಿ. 40 ಮಕ್ಕಳಲ್ಲಿ ಒಂದು ಮನೆಮಾತಿನವರು ಐವರು. ನಾಲ್ವರ ಹತ್ತು ಗುಂಪು ಮಾಡಿ ‘ಚೆನ್ನಾಗಿ’ ಬೆರೆಸಿದರೆ ಐವರೂ ಐದು ಗುಂಪಿನಲ್ಲಿ ಒಬ್ಬೊಬ್ಬರಾಗುತ್ತಾರೆ. ಕಾಗದದ ಮೇಲೆ ಬಹಳ ಚಂದ. ಒಳಗೆ ಕೂತ ಮಗುವಿಗೆ ಅದು ಬೇರೆಯೇ. ಗುಂಪಿನಲ್ಲಿ ಒಂದು ವರ್ಗದವರು ತೀರ ಕಡಿಮೆ ಇದ್ದಾಗ ಏನಾಗುತ್ತದೆ ಎಂದು ಸಮಾಜವಿಜ್ಞಾನಿ ರೋಸಬೆತ್ ಕ್ಯಾಂಟರ್ 1977ರಲ್ಲಿ ಕಂಪನಿಗಳಲ್ಲಿನ ಮಹಿಳೆಯರ ಬಗ್ಗೆ ಬರೆದಿದ್ದರು. ಒಂಟಿಯಾದವರ ಮೇಲೆ ಎಲ್ಲರ ಕಣ್ಣು, ಅವರು ಮಾಡಿದ ಸಣ್ಣ ತಪ್ಪೂ ಎದ್ದು ಕಾಣುತ್ತದೆ, ಅವರ ಎದುರಲ್ಲಿ ಉಳಿದವರ ಒಗ್ಗಟ್ಟು ಇನ್ನಷ್ಟು ಬಿಗಿಯಾಗುತ್ತದೆ, ಅವರನ್ನು ಒಬ್ಬ ವ್ಯಕ್ತಿಯಾಗಿ ನೋಡದೆ ಆ ಇಡೀ ವರ್ಗದ ಪ್ರತಿನಿಧಿಯಾಗಿ ನೋಡುತ್ತಾರೆ. ತರಗತಿಯಲ್ಲೂ ಹೀಗೆಯೇ. ಹಬ್ಬದ ಪಾಠ ಬಂದ ತಕ್ಷಣ ಗುಂಪಿನ ಮೂವರೂ ತಿರುಗಿ ಒಬ್ಬರನ್ನೇ ನೋಡುತ್ತಾರೆ: ‘ನಿಮ್ಮಲ್ಲಿ ಹೇಗೆ ಮಾಡ್ತೀರಿ?’ ಹನ್ನೊಂದು ವರ್ಷದ ಮಗು ಒಂದು ಸಮುದಾಯದ ವಕ್ತಾರ ಆಗಬೇಕಾಗುತ್ತದೆ. ಎದುರಿನವರು ಚೀಟಿ, ಚೌಕ, ಮೂರು ಹೆಸರು ಎಂದು ನಾಜೂಕಾಗಿ ಮಾಡುವುದನ್ನು ಹೇಳಿದ್ದಾರೆ, ಸರಿ. ಆದರೆ ಚೀಟಿ ಬರೆದ ಬಿಡುವಿನಲ್ಲೇ ‘ನೀನು ಯಾರ ಹೆಸರು ಬರೆದೆ?’ ಎಂದು ಮಕ್ಕಳು ಕೇಳಿಕೊಳ್ಳುತ್ತಾರೆ. ಗುಟ್ಟು ಮಧ್ಯಾಹ್ನದವರೆಗೂ ಉಳಿಯುವುದಿಲ್ಲ.

ಎರಡನೆಯದು ಭಾಷೆ. ನನಗೆ ಇದೇ ದೊಡ್ಡದು. ದ್ವಿಭಾಷಾ ಶಿಕ್ಷಣದ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲಿ ಎರಡು ಬಗೆಯ ಭಾಷಾಸಾಮರ್ಥ್ಯವನ್ನು ಬೇರ್ಪಡಿಸಿದರು: ಆಟದ ಬಯಲಿನಲ್ಲಿ ಬೇಕಾಗುವ ಮಾತು, ಪಾಠಕ್ಕೆ ಬೇಕಾಗುವ ಭಾಷೆ. ಮೊದಲನೆಯದು ಸುಮಾರು ಎರಡು ವರ್ಷದಲ್ಲಿ ಬರುತ್ತದೆ, ಎರಡನೆಯದಕ್ಕೆ ಐದರಿಂದ ಏಳು ವರ್ಷ. ಮೋಸ ಹೋಗುವುದು ಇಲ್ಲೇ. ಬಯಲಲ್ಲಿ ಪಟಪಟ ಮಾತಾಡುವ ಮಗುವನ್ನು ನೋಡಿ ‘ಇವನಿಗೆ ಭಾಷೆ ಬಂತು’ ಎಂದು ಶಿಕ್ಷಕರು ತಿಳಿಯುತ್ತಾರೆ, ಅದೇ ಮಗು ‘ಆವಿಯಾಗುವಿಕೆಗೂ ಕುದಿಯುವಿಕೆಗೂ ವ್ಯತ್ಯಾಸ ಬರೆಯಿರಿ’ ಎಂದಾಗ ಕೈಕಟ್ಟಿ ಕೂರುತ್ತದೆ. ಪಕ್ಕದಲ್ಲಿ ಅದೇ ಮನೆಮಾತಿನವರಿದ್ದರೆ ಹತ್ತು ಸೆಕೆಂಡಿನ ಪಿಸುಮಾತಿನಲ್ಲಿ ಗೋಜಲು ಬಿಡಿಸಿಹೋಗುತ್ತದೆ. ಇಲ್ಲದಿದ್ದರೆ ಮಗು ಕೇಳುವುದಿಲ್ಲ, ಗೊತ್ತಾದಂತೆ ತಲೆಯಾಡಿಸುತ್ತದೆ. ‘ಮೊದಲ ಕೆಲವು ವಾರ’ ರಿಯಾಯಿತಿ ಕೊಟ್ಟು ಕೊನೆಯ ತಾರೀಖು ಬರೆಯುತ್ತೇವೆ ಎನ್ನುವವರು ಈ ಐದರಿಂದ ಏಳು ವರ್ಷವನ್ನು ಎಲ್ಲಿಗೆ ಸೇರಿಸುತ್ತಾರೆ?

ಜಿಗ್ಸಾದ ನಾಲ್ಕು ನಿಮಿಷದ ‘ಕಲಿಸುವ’ ಸರದಿ ಅಂಥ ಮಗುವಿಗೆ ಏನೆಂದು ಯೋಚಿಸಿ. ಹೊಸ ಭಾಷೆಯ ನಡುವೆ ಬಂದ ಮಕ್ಕಳು ಕೆಲವು ಕಾಲ ಕೇಳಿಸಿಕೊಳ್ಳುತ್ತಾರೆ, ಮಾತಾಡುವುದಿಲ್ಲ. ಅದು ಕಲಿಕೆಯ ಒಂದು ಹಂತ. ಆ ಹಂತದಲ್ಲಿ ಮೂವರ ಅಂಕ ತನ್ನ ಬಾಯಿಯಲ್ಲಿದೆ ಎಂಬ ಭಾರ ಹೊರಿಸಿದರೆ ‘ಇದು ನನ್ನದೂ ಕ್ಲಾಸು’ ಎಂಬ ಸೇರಿಕೆಯ ಭಾವ ಬೆಳೆಯುವುದಕ್ಕಿಂತ ಹೊಟ್ಟೆನೋವಿನ ರಜೆಗಳು ಹೆಚ್ಚುತ್ತವೆ. ಫಲಿತಾಂಶದ ಮಾತೂ ಅಷ್ಟು ಖಚಿತವಲ್ಲ. ಫ್ರಾನ್ಸ್‌ನ ಶಾಲೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಐದು ಪ್ರಯೋಗಗಳಲ್ಲಿ ಜಿಗ್ಸಾದಿಂದ ಕಲಿಕೆಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಸ್ನೇಹ, ಸೇರಿಕೆ ಎರಡೂ ಒಂದೇ ಎಂದು ಎದುರಿನವರು ಹಿಡಿದಿರುವುದೂ ಸರಿಯಲ್ಲ. ಶಾಲೆ ತನ್ನದೆಂಬ ಭಾವವನ್ನು ಅಳೆಯಲು ಕ್ಯಾರೊಲ್ ಗುಡೆನೋ 1993ರಲ್ಲಿ ರೂಪಿಸಿದ 18 ಹೇಳಿಕೆಗಳ ಪಟ್ಟಿಯನ್ನು ಇಂದಿಗೂ ಬಳಸುತ್ತಾರೆ. ಅದರಲ್ಲಿ ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬ ಪ್ರಶ್ನೆ ಇಲ್ಲ. ನಾನು ಯಾವುದನ್ನಾದರೂ ಚೆನ್ನಾಗಿ ಮಾಡಿದರೆ ಇಲ್ಲಿ ಗಮನಿಸುತ್ತಾರೆಯೇ, ನನ್ನ ಮಾತಿಗೆ ಬೆಲೆ ಇದೆಯೇ, ಶಿಕ್ಷಕರಿಗೆ ನನ್ನಲ್ಲಿ ಆಸಕ್ತಿ ಇದೆಯೇ, ನಾನು ನಾನಾಗಿಯೇ ಇರಬಹುದೇ ಎಂಬಂಥವು ಇವೆ. ಇವುಗಳಲ್ಲಿ ಬಹಳಷ್ಟಕ್ಕೆ ಉತ್ತರ ಕೊಡಬೇಕಾದವರು ಕಪ್ಪುಹಲಗೆಯ ಹತ್ತಿರ ನಿಂತವರು.

ಸ್ಟ್ಯಾನ್‌ಫರ್ಡ್‌ನ ಎಲಿಜಬೆತ್ ಕೋಹೆನ್ ದಶಕಗಳ ಕಾಲ ನೋಡಿದ್ದು ಇದನ್ನೇ. ಮಕ್ಕಳನ್ನು ಬೆರೆಸಿದ ಮಾತ್ರಕ್ಕೆ ಸ್ಥಾನಮಾನ ಸಮನಾಗುವುದಿಲ್ಲ. ಓದುವುದರಲ್ಲಿ ಮುಂದಿರುವವರು, ಪ್ರಬಲ ಸಮುದಾಯದವರು ಗುಂಪಿನಲ್ಲಿ ಹೆಚ್ಚು ಮಾತಾಡುತ್ತಾರೆ, ಹೆಚ್ಚು ಮಾತಾಡಿದವರು ಹೆಚ್ಚು ಕಲಿಯುತ್ತಾರೆ, ಅಂತರ ಇನ್ನಷ್ಟು ಅಗಲವಾಗುತ್ತದೆ. ಅಂದರೆ ಚೆನ್ನಾಗಿ ಬೆರೆಸಿದ ಗುಂಪೇ ಅಸಮಾನತೆಯನ್ನು ಬೆಳೆಸಬಹುದು.

ಕೋಹೆನ್ ಸೂಚಿಸಿದ ಎರಡು ಕ್ರಮಗಳನ್ನು ಯಾವ ಆಸನವ್ಯವಸ್ಥೆಯಲ್ಲೂ ಮಾಡಬಹುದು. ಮೊದಲನೆಯದು ಕೆಲಸದ ಸ್ವರೂಪಕ್ಕೆ ಸಂಬಂಧಿಸಿದ್ದು. ಓದಿ ಬರೆಯುವುದಷ್ಟೇ ಇದ್ದರೆ ಗೆಲ್ಲುವವರು ಯಾರೆಂದು ಮಕ್ಕಳಿಗೆ ಮೊದಲೇ ಗೊತ್ತು. ಅಳೆಯುವುದು, ನಕ್ಷೆ ಬರೆಯುವುದು, ಮಾದರಿ ಕಟ್ಟುವುದು, ತಪ್ಪು ಹಿಡಿಯುವುದು, ಒಳ್ಳೆಯ ಪ್ರಶ್ನೆ ಕೇಳುವುದು ಎಲ್ಲ ಬೇಕಾಗುವ ಕೆಲಸ ಕೊಡಬೇಕು. ಜೊತೆಗೆ ಆರಂಭದಲ್ಲೇ, ‘ಇದಕ್ಕೆ ಬೇಕಾದ ಎಲ್ಲ ಕೌಶಲ ನಿಮ್ಮಲ್ಲಿ ಯಾರೊಬ್ಬರಲ್ಲೂ ಇಲ್ಲ, ಒಂದಾದರೂ ಪ್ರತಿಯೊಬ್ಬರಲ್ಲೂ ಇದೆ’ ಎಂದು ಹೇಳಬೇಕು. ಮಾತು ಸುಳ್ಳಾಗದಂತೆ ಕೆಲಸವನ್ನು ಹೆಣೆಯುವುದೇ ಕಷ್ಟ. ಚಿತ್ರಕ್ಕೆ ಬಣ್ಣ ತುಂಬುವುದನ್ನು ಭಾಷೆ ಬಾರದ ಮಗುವಿಗೆ ಕೊಟ್ಟು ಕೈತೊಳೆದುಕೊಳ್ಳುವುದು ಇದಲ್ಲ. ಬಣ್ಣ ಇಲ್ಲದೆಯೂ ಉತ್ತರ ಬರುವುದಾದರೆ ಆ ಮಗು ಬೇಡವಾದವರೇ ಎಂದು ಗುಂಪಿಗೆ ಅರ್ಥವಾಗುತ್ತದೆ.

ಎರಡನೆಯದು, ಗುಂಪುಗಳ ನಡುವೆ ಓಡಾಡುವಾಗ ಕೆಳಸ್ಥಾನದಲ್ಲಿರುವ ಮಗು ಮಾಡಿದ ಒಂದು ನಿಜವಾದ ಕೆಲಸವನ್ನು ಹಿಡಿದು, ಎಲ್ಲರೆದುರು, ನಿರ್ದಿಷ್ಟವಾಗಿ ಹೇಳುವುದು. ‘ವೆರಿ ಗುಡ್’ ಎಂದರೆ ಏನೂ ಆಗದು. ‘ಇವಳು ತಕ್ಕಡಿಯ ಎರಡೂ ತಟ್ಟೆ ಖಾಲಿ ಇರುವಾಗ ಸಮ ಇದೆಯೇ ಎಂದು ಮೊದಲು ನೋಡಿದಳು. ಈ ಪ್ರಯೋಗದಲ್ಲಿ ಅದಿಲ್ಲದೆ ನಿಮ್ಮ ಅಳತೆ ಎಲ್ಲ ತಪ್ಪಾಗುತ್ತಿತ್ತು’ ಎಂದರೆ ಉಳಿದ ಮೂವರು ಮುಂದಿನ ಸಲ ಅವಳನ್ನು ಕೇಳಿ ಮುಂದುವರಿಯುತ್ತಾರೆ. ಹೊಗಳಿಕೆ ನಿಜವಾಗಿರಬೇಕು, ಈಗಿನ ಕೆಲಸಕ್ಕೆ ಬೇಕಾದದ್ದಾಗಿರಬೇಕು. ಕರುಣೆಯಿಂದ ಹೊಗಳಿದರೆ ಮಕ್ಕಳು ಕ್ಷಣದಲ್ಲಿ ಪತ್ತೆ ಹಚ್ಚುತ್ತಾರೆ.

ಇದರ ಜೊತೆಗೆ ಕಾಯುವುದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ಅಳೆದು ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿಬಿಡುತ್ತಾರೆ. ಎರಡನೇ ಭಾಷೆಯಲ್ಲಿ ಯೋಚಿಸುವ ಮಗುವಿಗೆ ಮೂರೂ ಸಾಲದು, ಐದಾರು ಬೇಕು. ಮನಸ್ಸಿನಲ್ಲೇ ಎಣಿಸಿ ನೋಡಿ, ಐದು ಸೆಕೆಂಡಿನ ಮೌನ ಎಷ್ಟು ಉದ್ದವೆಂದು ತಿಳಿಯುತ್ತದೆ.

ಹಾಗಾದರೆ ಕೂರುವುದು ಹೇಗೆ? ಒಂದೇ ಮನೆಮಾತಿನವರನ್ನು ಜೋಡಿಯಾಗಿ ಬಿಡಿ. ಅಂಥ ಎರಡು ಬೇರೆ ಬೇರೆ ಜೋಡಿಗಳನ್ನು ಸೇರಿಸಿ ನಾಲ್ವರ ಗುಂಪು ಮಾಡಿ. ಮೇಲಿನ ಐವರಲ್ಲಿ ಒಂದು ಗುಂಪಿಗೆ ಇಬ್ಬರು, ಇನ್ನೊಂದಕ್ಕೆ ಮೂವರು ಆಗುತ್ತಾರೆ, ಉಳಿದ ಗುಂಪುಗಳಲ್ಲಿ ಯಾರೂ ಇರುವುದಿಲ್ಲ. ಇರಲಿ ಬಿಡಿ, ಎಲ್ಲ ಗುಂಪೂ ತರಗತಿಯ ಪಡಿಯಚ್ಚಾಗಬೇಕೆಂಬ ನಿಯಮವೇನಿಲ್ಲ. ಪಾಠದ ತುಣುಕನ್ನು ತರಗತಿಯ ಭಾಷೆಯಲ್ಲಿ ಓದಿ, ಮೂರು ನಿಮಿಷ ಜೋಡಿಯೊಳಗೆ ಮನೆಮಾತಿನಲ್ಲಿ ಚರ್ಚಿಸಿ, ಆಮೇಲೆ ಪಕ್ಕದ ಜೋಡಿಗೆ ತರಗತಿಯ ಭಾಷೆಯಲ್ಲಿ ಹೇಳುವುದು. ಒಂದು ಭಾಷೆಯಲ್ಲಿ ಒಳಗೆಳೆದುಕೊಂಡು ಇನ್ನೊಂದರಲ್ಲಿ ಹೊರಹಾಕುವ ಈ ರೂಢಿಯನ್ನು 1990ರ ದಶಕದಲ್ಲಿ ವೇಲ್ಸ್‌ನ ಶಾಲೆಗಳಲ್ಲಿ ಕೆನ್ ವಿಲಿಯಮ್ಸ್ ಕ್ರಮಬದ್ಧಗೊಳಿಸಿದರು. ಮಕ್ಕಳು ಏನು ಮಾತಾಡುತ್ತಾರೋ ಶಿಕ್ಷಕರಿಗೆ ತಿಳಿಯದು ಎಂಬ ಚಿಂತೆ ಇದ್ದೇ ಇರುತ್ತದೆ. ಮೂರು ನಿಮಿಷದ ಕೊನೆಗೆ ಎರಡು ವಾಕ್ಯ ಬರಹದಲ್ಲಿ ಬೇಕು ಎಂದರೆ ಹರಟೆ ತಾನಾಗಿ ನಿಲ್ಲುತ್ತದೆ.

ಇದರಲ್ಲೂ ಕೆಡುವ ಜಾಗವಿದೆ. ಜೋಡಿಯಲ್ಲಿ ಭಾಷೆ ಚೆನ್ನಾಗಿ ಬರುವವರು ಕಾಯಂ ದುಭಾಷಿಯಾಗುತ್ತಾರೆ. ಅವರ ಓದು ಹಿಂದೆ ಬೀಳುತ್ತದೆ, ಇನ್ನೊಬ್ಬರು ಬಾಯಿ ತೆರೆಯುವುದೇ ಇಲ್ಲ. ಹೇಳುವ ಸರದಿ ದಿನ ಬಿಟ್ಟು ದಿನ ಬದಲಾಗಬೇಕು. ಭಾಷೆ ಕಡಿಮೆ ಬರುವವರ ಸರದಿಯಲ್ಲಿ ವಾಕ್ಯದ ಆರಂಭವನ್ನು ಹಲಗೆಯ ಮೇಲೆ ಬರೆದುಕೊಡಬಹುದು: ‘ಇವೆರಡರಲ್ಲಿ ಒಂದೇ ಥರ ಇರುವುದು…’, ‘ನಮಗೆ ಹಾಗನ್ನಿಸಲಿಲ್ಲ, ಏಕೆಂದರೆ…’. ತರಗತಿಯಲ್ಲಿ ಆ ಮನೆಮಾತಿನವರು ಒಬ್ಬರೇ ಇದ್ದರೆ? ಜೋಡಿ ಸಾಧ್ಯವಿಲ್ಲ, ಅಲ್ಲಿ ಚೀಟಿಯ ವಿಧಾನ ಒಳ್ಳೆಯದೇ, ಒಪ್ಪುತ್ತೇನೆ. ಕಿರುಕುಳ ನಡೆಯುತ್ತಿದ್ದರೂ ಅಷ್ಟೇ. ಅಲ್ಲಿ ಶಿಕ್ಷಕರು ಜಾಗ ಬದಲಿಸಲೇಬೇಕು, ಆದರೆ ಏಳಬೇಕಾದವರು ಕಿರುಕುಳ ಕೊಟ್ಟವರು. ಎಷ್ಟೋ ಕಡೆ ಅನುಭವಿಸಿದವರನ್ನೇ ‘ಸುರಕ್ಷಿತ’ ಮೂಲೆಗೆ ಸಾಗಿಸುತ್ತಾರೆ.

ಎದುರಿನವರು 29ನೇ ವಿಧಿಯನ್ನು ಉಲ್ಲೇಖಿಸಿದ್ದಾರೆ. ಮುಂದಿನದೇ 30ನೇ ವಿಧಿ. ಅಲ್ಪಸಂಖ್ಯಾತ ಸಮುದಾಯದ ಮಗುವಿಗೆ ತನ್ನ ಸಮುದಾಯದವರ ಜೊತೆಗೂಡಿ ತನ್ನ ಭಾಷೆಯನ್ನು ಬಳಸುವ ಹಕ್ಕನ್ನು ನಿರಾಕರಿಸಬಾರದು ಎನ್ನುತ್ತದೆ ಅದು. ಜೊತೆಗೂಡಲು ಪಕ್ಕದಲ್ಲಿ ಯಾರಾದರೂ ಇರಬೇಕಲ್ಲ.

ಕೊನೆಯದಾಗಿ, ಯಾವ ಏರ್ಪಾಡು ಮಾಡಿದರೂ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡುವ ಒಂದು ಸರಳ ದಾರಿ. ಆಸನದ ನಕ್ಷೆಯ ಮೇಲೆ, 15 ನಿಮಿಷದ ಗುಂಪುಚರ್ಚೆಯಲ್ಲಿ ಯಾರು ಎಷ್ಟು ಬಾರಿ ಪಾಠದ ಬಗ್ಗೆ ಮಾತಾಡಿದರು ಎಂದು ಗೆರೆ ಹಾಕುತ್ತ ಹೋಗಿ. ಒಂದು ಸಲಕ್ಕೆ ಎರಡು ಗುಂಪು ಸಾಕು, ಹೆಚ್ಚಾದರೆ ಕಣ್ಣು ತಪ್ಪುತ್ತದೆ. ಹೊಸ ವ್ಯವಸ್ಥೆಗೆ ಮೊದಲೊಮ್ಮೆ, ಆರು ವಾರದ ಮೇಲೊಮ್ಮೆ. ಯಾವುದಾದರೂ ಹೆಸರಿನ ಮುಂದೆ ಎರಡು ಸಲವೂ ಗೆರೆ ಬೀಳದಿದ್ದರೆ, ಆ ಮಗುವನ್ನು ಎಬ್ಬಿಸಿ ಬೇರೆಡೆ ಕೂರಿಸುವ ಮುನ್ನ ಅಂದಿನ ವರ್ಕ್‌ಶೀಟ್ ತೆಗೆದು, ಅದರಲ್ಲಿ ಆ ಮಗು ಇಲ್ಲದೆ ಆಗದಂಥ ಕೆಲಸ ಒಂದಾದರೂ ಇತ್ತೇ ಎಂದು ಹುಡುಕಿ.